ಅರ್ಲ್ ಹೂಕರ್ ಹೆಸರು ಯಾಕೆ ಯಾರಿಗೂ ಗೊತ್ತಿಲ್ಲ?

ತಂತಿಮರುಳ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಝೆಪೆಲಿನ್‌ನ ಮೊದಲ ಆಲ್ಬಂನಲ್ಲಿ ‘ಯೂ ಶುಕ್ ಮಿ’ ಅಂತ ಒಂದು ಹಾಡಿದೆ. ಅದನ್ನು ಮೊದಲು ಹಾಡಿದ್ದು ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ) ಗಾಯಕ ಮಡ್ಡಿ ವಾಟರ್ಸ್ ಅಂತ ರಾಕ್ ಕೇಳುವವರಿಗೆಲ್ಲ ಗೊತ್ತು. ಈಗ 1962ರ ಆ ಮಡ್ಡಿ ರೆಕಾರ್ಡನ್ನೇ ಹಾಕಿ, ದನಿಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಹಿಂದಿನ ಗಿಟಾರ್ ಮಾತ್ರ ಕೇಳಿ. ಮಡ್ಡಿಯೇ ದೊಡ್ಡ ಸ್ಲೈಡ್ ವಾದಕ, ಅಂದರೆ ಬೆರಳಿಗೆ ಕೊಳವೆ ಹಾಕಿ ತಂತಿ ಮೇಲೆ ಜಾರಿಸಿ ಗಿಟಾರ್ ನುಡಿಸುವವನು. ಆದ್ರೆ ಅಲ್ಲಿ ನುಡಿಸುತ್ತಿರುವುದು ಅವನಲ್ಲ, ಅರ್ಲ್ ಹೂಕರ್.

ನಡೆದದ್ದು ಹೀಗೆ. 1961ರಲ್ಲಿ ಷಿಕಾಗೋದಲ್ಲಿ ಮೆಲ್ ಲಂಡನ್ ಅನ್ನುವ ನಿರ್ಮಾಪಕನ ಹತ್ತಿರ ಹೂಕರ್ ‘ಬ್ಲೂ ಗಿಟಾರ್’ ರೆಕಾರ್ಡ್ ಮಾಡಿದ. ಸಾಹಿತ್ಯ ಇಲ್ಲ, ಬರೀ ಗಿಟಾರ್, ಹಿಂದೆ ಆರ್ಗನ್ ಮತ್ತು ಸ್ಯಾಕ್ಸೋಫೋನ್. ಏಜ್ ಅನ್ನುವ ಪುಟ್ಟ ಲೇಬಲ್‌ನಲ್ಲಿ ಹೊರಬಂತು. ಅದು ಚೆಸ್ ಅನ್ನುವ ರೆಕಾರ್ಡ್ ಕಂಪನಿಯ ಲಿಯೊನಾರ್ಡ್ ಚೆಸ್ ಕಿವಿಗೆ ಬಿತ್ತು. ಅವನು ಆ ಟೇಪನ್ನೇ ತೆಗೆದುಕೊಂಡ. ವಿಲ್ಲಿ ಡಿಕ್ಸನ್ ಸಾಹಿತ್ಯ ಬರೆದ, ಮೇಲೆ ಮಡ್ಡಿಯ ದನಿ ಕೂರಿಸಿದರು. ಹೊಸದಾಗಿ ಗಿಟಾರ್ ನುಡಿಸಿಸುವ ಗೋಜಿಗೇ ಹೋಗಲಿಲ್ಲ. 1968ರಲ್ಲಿ ಇಂಗ್ಲೆಂಡಿನ ಗಿಟಾರಿಸ್ಟ್ ಜೆಫ್ ಬೆಕ್ ಅದನ್ನು ತನ್ನ ಆಲ್ಬಂಗೆ ಹಾಕಿಕೊಂಡ, ಮರುವರ್ಷ ಝೆಪೆಲಿನ್‌ದು ಬಂತು. ಅದರಲ್ಲಿ ಡಿಕ್ಸನ್ ಹೆಸರಿದೆ. ಹೂಕರ್ ಹೆಸರಿಲ್ಲ.

ಬಿ.ಬಿ. ಕಿಂಗ್ ಅಂಥ ದೊಡ್ಡ ಬ್ಲೂಸ್ ಗಿಟಾರಿಸ್ಟರೇ ತಲೆಬಾಗಿದ ಮನುಷ್ಯ ಇವನು. ಬ್ಲೂಸ್ ಬಗ್ಗೆ ಮಾತಾಡುವವರ ಬಾಯಲ್ಲೂ ಹೆಸರು ಬರುವುದಿಲ್ಲ. ಕಂಪನಿಗಳು ಮುಳುಗಿಸಿದವು ಅಂತ ನನ್ನ ವಾದ. ನೀವೇನಂತೀರಿ?

ಬೇಸ್ ಬಸಣ್ಣ

ಜಾನ್ ಲೀ ಹೂಕರ್ ಅಲ್ವಾ? ಕಾಲು ಕುಟ್ಟಿಕೊಂಡು ಹಾಡುವವನು?

ತಂತಿಮರುಳ

ಅಲ್ಲ ಬಸಣ್ಣ, ಜಾನ್ ಲೀ ಇವನ ಸಂಬಂಧಿ. ಅದೂ ಒಂದು ಗ್ರಹಚಾರ ನೋಡಿ. ಹೂಕರ್ ಅಂದ ಕೂಡಲೇ ಎಲ್ಲರೂ ಆ ಕಡೆ ಹೊರಟುಬಿಡುತ್ತಾರೆ.

ಮಲ್ನಾಡ್ ಮಳೆ

ಕಂಪನಿಗಳ ಮೇಲೆ ಹಾಕಿದರೆ ಕೆಲಸ ಸಲೀಸು. ಆದ್ರೆ ನಿಜವಾದ ಕಾರಣ ಬೇರೆ ಇದೆ ಅಂತ ನನಗನ್ನಿಸುತ್ತದೆ. ಹೂಕರ್‌ಗೆ ಉಗ್ಗು ಇತ್ತು. ಹಾಗಾಗಿ ಹಾಡುವುದೇ ಕಡಿಮೆ. ಹಾಡಿದ ಕೆಲವು ಹಾಡು ಕೇಳಿದರೆ ದನಿ ಮೆತ್ತಗೆ, ಸ್ವಲ್ಪ ಹಿಂಜರಿಕೆ. ಬ್ಲೂಸ್ ಮಾರಾಟವಾಗುವುದು ಹಾಡುವವರ ಹೆಸರಲ್ಲಿ. ಮಡ್ಡಿ, ಹೌಲಿನ್ ವುಲ್ಫ್, ಎಲ್ಮೋರ್ ಜೇಮ್ಸ್, ಯಾರನ್ನೇ ತಗೊಳ್ಳಿ, ಮೊದಲು ಗಂಟಲು, ಆಮೇಲೆ ಗಿಟಾರ್. ಕಂಪನಿಯವನು ಪೋಸ್ಟರ್ ಮೇಲೆ ಯಾರ ಮುಖ ಹಾಕಬೇಕು ಹೇಳಿ?

ಇನ್ನೊಂದು, ಅವನು ಒಂದು ಕಡೆ ನಿಂತವನೇ ಅಲ್ಲ. ಹುಟ್ಟಿದ್ದು ಮಿಸಿಸಿಪ್ಪಿಯಲ್ಲಿ, ಕ್ಲಾರ್ಕ್ಸ್‌ಡೇಲ್ ಊರಿನ ಹತ್ತಿರ. ಮಗುವಾಗಿದ್ದಾಗಲೇ ಮನೆಯವರು ಷಿಕಾಗೋಗೆ ಬಂದರು. ಹುಡುಗನಾಗಿದ್ದಾಗ ಬೋ ಡಿಡ್ಲಿ ಜೊತೆ ಬೀದಿ ಮೂಲೆಯಲ್ಲಿ ನಿಂತು ಕಾಸಿಗೆ ನುಡಿಸಿದ್ದಾನೆ. ಆಮೇಲೆ ಮೆಂಫಿಸ್, ಐಕ್ ಟರ್ನರ್ ಬ್ಯಾಂಡ್. ಇನ್ನೊಂದು ಕಡೆ ಅರ್ಕನ್ಸಾದ ಹೆಲೆನಾದಲ್ಲಿ ಸನ್ನಿ ಬಾಯ್ ವಿಲಿಯಮ್ಸನ್ ರೇಡಿಯೋ ಕಾರ್ಯಕ್ರಮ. 1953ರಲ್ಲಿ ಸನ್ ಸ್ಟುಡಿಯೋದಲ್ಲಿ ಸ್ಯಾಮ್ ಫಿಲಿಪ್ಸ್ ಹತ್ತಿರವೂ ರೆಕಾರ್ಡ್ ಮಾಡಿದ. ಹೆಚ್ಚಿನದು ಆಗ ಹೊರಗೇ ಬರಲಿಲ್ಲ. ಕಾರಿಗೆ ಬ್ಯಾಂಡ್ ತುಂಬಿಕೊಂಡು ಫ್ಲಾರಿಡಾದಿಂದ ಷಿಕಾಗೋವರೆಗೆ ಊರೂರು ಸುತ್ತುವುದೇ ಬದುಕು. ಇಂಥವನನ್ನು ಹಿಡಿದು ಕೂರಿಸಿ ಒಂದು ಆಲ್ಬಂ ಮಾಡಿಸುವುದು ಯಾರಿಗೆ ಸಾಧ್ಯ?

ಕರಾವಳಿ ಕೀಬೋರ್ಡ್

ಮಾರಾಯ್ರೆ, ಎಷ್ಟು ಸುಲಭಕ್ಕೆ ಹೇಳಿಬಿಟ್ಟಿರಿ. “ಹಾಡಲಿಲ್ಲ, ಅದಕ್ಕೆ ಹೆಸರು ಬರಲಿಲ್ಲ” ಅಂತೆ. ಹಾಗಾದ್ರೆ ನುಡಿಸುವವರೆಲ್ಲ ಯಾಕೆ ಬದುಕಬೇಕು?

ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿ ಹೊಟ್ಟೆ ಹೊರೆದವ. ಒಂದು ಭಕ್ತಿಗೀತೆ ಕ್ಯಾಸೆಟ್‌ಗೆ ಇಂಟರ್‌ಲ್ಯೂಡ್ ಎಲ್ಲ ನಾನೇ ಕೂತು ಕಟ್ಟಿದ್ದು. ದಿನದ ಸಂಭಾವನೆ ಕೈಗಿಟ್ಟು ಕಳಿಸಿದರು. ಕ್ಯಾಸೆಟ್ ಕವರ್ ಮೇಲೆ ಗಾಯಕರು, ಸಾಹಿತ್ಯ, ಸಂಗೀತ, ಕೊನೆಗೆ ಕವರ್ ಡಿಸೈನ್ ಮಾಡಿದವನ ಹೆಸರೂ ಇತ್ತು. ನಾನಿಲ್ಲ. ಈಗಲೂ ದೇವಸ್ಥಾನದ ಮೈಕಲ್ಲಿ ಬೆಳಿಗ್ಗೆ ಅದು ಬಂದರೆ ನಮ್ಮನೆಯವಳು ನನ್ನ ಮುಖ ನೋಡಿ ನಗುತ್ತಾಳೆ.

ಹೂಕರ್ ಕತೆಯೂ ಇದೇ ಅಲ್ವಾ? ರೆಕಾರ್ಡಿಂಗ್ ಸೆಷನ್‌ಗೆ ಬಂದ, ದುಡ್ಡು ತಗೊಂಡ, ಹೋದ. ಜೂನಿಯರ್ ವೆಲ್ಸ್ 1960ರಲ್ಲಿ ಹಾಡಿದ ‘ಮೆಸ್ಸಿನ್ ವಿತ್ ದ ಕಿಡ್’ ಶುರುವಾಗುವುದೇ ಇವನ ಗಿಟಾರ್‌ನಿಂದ. ಬ್ಲೂಸ್ ಬ್ಯಾಂಡ್ ಅಂತ ಹೇಳಿಕೊಳ್ಳುವವರೆಲ್ಲ ಇವತ್ತಿಗೂ ಆ ವರಸೆ ನುಡಿಸುತ್ತಾರೆ. ಯಾರು ಕಟ್ಟಿದ್ದು ಅಂತ ಕೇಳಿ ನೋಡಿ.

ಹಠಮಾರಿ

ಎಲ್ಲರೂ ಅಳೋದು ಬಿಟ್ಟು ಒಂದು ಸತ್ಯ ಒಪ್ಪಿಕೊಳ್ಳಿ. ಝೆಪೆಲಿನ್ ಇಲ್ಲದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ. ಅವರನ್ನು ಬೈದುಕೊಂಡೇ ಅವರ ಬಾಗಿಲಿಂದ ಒಳಗೆ ಬಂದಿದ್ದೀರಿ.

ಮತ್ತೆ, ಮೂಲೆಗುಂಪಾದವರ ಪಟ್ಟಿ ಮಾಡುವುದಾದರೆ ಹೂಕರ್‌ಗಿಂತ ಮುಂಚೆ ಅವನ ಗುರು ರಾಬರ್ಟ್ ನೈಟ್‌ಹಾಕ್ ಹೆಸರು ಬರಬೇಕು. ಹೂಕರ್ ಸ್ಲೈಡ್ ಕಲಿತಿದ್ದೇ ಅವನ ಹತ್ತಿರ. ನೈಟ್‌ಹಾಕ್ 1964ರಲ್ಲಿ ಷಿಕಾಗೋದ ಮ್ಯಾಕ್ಸ್‌ವೆಲ್ ಬೀದಿ ಸಂತೆಯಲ್ಲಿ, ರಸ್ತೆಯಲ್ಲೇ ನಿಂತು ನುಡಿಸಿದ ರೆಕಾರ್ಡಿಂಗ್ ಇದೆ. ಜನರ ಗಲಾಟೆ, ಚಪ್ಪಾಳೆ, ಎಲ್ಲ ಕೇಳಿಸುತ್ತದೆ. ಅದರ ಮುಂದೆ ನಿಮ್ಮ ‘ಬ್ಲೂ ಗಿಟಾರ್’ ಇಸ್ತ್ರಿ ಮಾಡಿದ ಅಂಗಿ.

ತಂತಿಮರುಳ

ಗುರುವಿಗಿಂತ ಶಿಷ್ಯ ಒಂದು ಹೆಜ್ಜೆ ಮುಂದೆ ಹೋದ, ಅದೇ ನನ್ನ ಪಾಯಿಂಟ್. ಗಿಟಾರ್ ನುಡಿಸದವರಿಗೂ ಅರ್ಥವಾಗುವ ಹಾಗೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಸ್ಲೈಡ್ ನುಡಿಸುವವರು ಸಾಮಾನ್ಯವಾಗಿ ತಂತಿಗಳ ಶ್ರುತಿಯನ್ನೇ ಬದಲಾಯಿಸಿಕೊಳ್ಳುತ್ತಾರೆ. ಎಡಗೈ ಮುಟ್ಟದೆ ಸುಮ್ನೆ ಮೀಟಿದರೂ ಪೂರ್ತಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬರುವ ಹಾಗೆ. ಎಲ್ಮೋರ್ ಜೇಮ್ಸ್ ಓಪನ್ ಡಿ, ಇನ್ನು ಕೆಲವರು ಓಪನ್ ಜಿ. ಆಗ ಕೊಳವೆಯನ್ನು ಅಡ್ಡ ಇಟ್ಟು ಮೇಲೆ ಕೆಳಗೆ ಜಾರಿಸಿದರೆ ಸಾಕು, ಯಾವ ಜಾಗದಲ್ಲಿ ನಿಂತರೂ ಕಾರ್ಡ್. ಹೂಕರ್ ಹಾಗೆ ಮಾಡಲಿಲ್ಲ. ಮಾಮೂಲಿ ಶ್ರುತಿಯಲ್ಲೇ ಸ್ಲೈಡ್ ನುಡಿಸಿದ. ಆ ಶ್ರುತಿಯಲ್ಲಿ ಡಿ, ಜಿ, ಬಿ ಈ ಮೂರು ತಂತಿ ಮಾತ್ರ ಸೇರಿ ಮೇಜರ್ ಕಾರ್ಡ್ ಕೊಡುತ್ತವೆ. ಸ್ವಲ್ಪ ಆಚೀಚೆ ತಗುಲಿದರೂ ಅಪಸ್ವರ. ಅದಕ್ಕೇ ಅವನು ಕಿರುಬೆರಳಿಗೆ ಒಂದು ಗಿಡ್ಡ ಉಕ್ಕಿನ ಕೊಳವೆ ಹಾಕುತ್ತಿದ್ದ. ಅದು ಎರಡು ಮೂರು ತಂತಿಗಳನ್ನಷ್ಟೇ ಮುಚ್ಚುತ್ತದೆ. ಉಳಿದ ಮೂರು ಬೆರಳು ಖಾಲಿ. ಆ ಬೆರಳುಗಳಲ್ಲಿ ಒಂದು ಕಡೆ ಕಾರ್ಡ್ ಹಿಡಿಯುತ್ತಾನೆ, ಸಾಲಿನ ಕೊನೆಗೆ ಕಿರುಬೆರಳು ಇಳಿದು ಎರಡು ಸ್ವರ ಅಳುವ ಹಾಗೆ ಮಾಡಿ ಮತ್ತೆ ಮೇಲೇಳುತ್ತದೆ. ‘ಬ್ಲೂ ಗಿಟಾರ್’ ಕಣ್ಣು ಮುಚ್ಚಿ ಕೇಳಿ. ಇಬ್ಬರು ಗಿಟಾರಿಸ್ಟ್ ಇದ್ದಾರೆ ಅನ್ನಿಸುತ್ತದೆ. ಇಸ್ತ್ರಿ ಅಂಗಿ ಅಂದ್ರಲ್ಲ ಹಠಮಾರಿ, ಆ ಇಸ್ತ್ರಿ ಹಾಕುವುದು ಎಷ್ಟು ಕಷ್ಟ ಗೊತ್ತಾ?

ಗಮಕ ಗುಂಡ

ಬ್ಲೂಸ್ ನನಗೆ ಅಷ್ಟಾಗಿ ಗೊತ್ತಿಲ್ಲ, ತಂತಿಮರುಳ ಕೊಟ್ಟ ಹೆಸರು ಹಿಡಿದು ಮೊನ್ನೆ ರಾತ್ರಿ ಕೇಳಿದೆ. ಆ ಗಾಂಧಾರ! ಸಾಧಾರಣವೂ ಅಲ್ಲ, ಅಂತರವೂ ಅಲ್ಲ. ಎರಡರ ನಡುವೆ ಎಲ್ಲೋ ನಿಂತು ಅಲ್ಲಾಡುತ್ತದೆ. ಗಿಟಾರ್‌ನ ಫ್ರೆಟ್ (ಮೆಟ್ಟಿಲು) ಮೇಲೆ ಸುಮ್ನೆ ಒತ್ತಿದರೆ ಆ ಜಾಗ ಸಿಗುವುದಿಲ್ಲ, ತಂತಿ ಎಳೆಯಬೇಕು, ಇಲ್ಲ ಕೊಳವೆ ಬೇಕು.

ನಮ್ಮಲ್ಲಿ ಗೋಟುವಾದ್ಯ ಇದೆಯಲ್ಲ, ಅದೇ ಕೆಲಸ. ಮೆಟ್ಟಿಲು ಇಲ್ಲದ ವೀಣೆ, ಎಡಗೈಯಲ್ಲಿ ಗೋಟು ಹಿಡಿದು ಜಾರಿಸುವುದು. ಮೈಸೂರು ಆಸ್ಥಾನದಲ್ಲಿ ನಾರಾಯಣ ಅಯ್ಯಂಗಾರ್ ಅಂತ ದೊಡ್ಡ ಗೋಟುವಾದ್ಯ ವಿದ್ವಾಂಸರಿದ್ದರು. ಹಾಗಾಗಿ ಸ್ಲೈಡ್ ಅನ್ನುವುದು ನಮಗೇನೂ ಹೊಸದಲ್ಲ.

ಬೇಸ್ ಬಸಣ್ಣ

ಶುರುವಾಯ್ತು, ಎಲ್ಲ ನಮ್ಮಿಂದಲೇ ಹೋಗಿದ್ದು ಅಂತ 😄

ಗಮಕ ಗುಂಡ

ಹೋಗಿದ್ದು ಅಂತ ಎಲ್ಲಿ ಹೇಳಿದೆ ಬಸಣ್ಣ? ಅವರದು ಅವರದ್ದೇ. ಬಂದಿದ್ದು ಹೇಗೆ ಅಂತ ಕೇಳಿದರೆ ಹವಾಯಿಯಿಂದ ಇಲ್ಲಿಗೆ ಗಿಟಾರ್ ಬಂತು. ಹಳೇ ಸಿನಿಮಾ ಹಾಡುಗಳಲ್ಲಿ ತೊಡೆ ಮೇಲೆ ಮಲಗಿಸಿ ನುಡಿಸುವ ಹವಾಯಿಯನ್ ಗಿಟಾರ್ ಎಷ್ಟಿದೆ! ಆಮೇಲೆ ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ರಾಗ ನುಡಿಸಿದರು. ವಿಶ್ವಮೋಹನ್ ಭಟ್ ಅವರು ರೈ ಕೂಡರ್ ಜೊತೆ ನುಡಿಸಿ ಗ್ರ್ಯಾಮಿ ತಂದರು. ಕೂಡರ್ ಕೂಡ ಸ್ಲೈಡ್ ಗಿಟಾರ್‌ನವರೇ ಅಲ್ವಾ. ಅಷ್ಟೇ ನಾನು ಹೇಳಿದ್ದು.

ಅರ್ಧಕಪ್ ಕಾಫಿ

ಕಾನೂನಿನ ಕಡೆಯಿಂದ ಒಂದು ಮಾತು, ಏಕೆಂದರೆ ಮೇಲೆ ಎಲ್ಲರೂ “ಮೋಸ, ಮೋಸ” ಅಂತಿದ್ದಾರೆ.

ಹಾಡಿನ ಹಕ್ಕು ಅಂದರೆ ಸಾಹಿತ್ಯ ಮತ್ತು ರಾಗ ಬರೆದವರ ಹಕ್ಕು. ಸೆಷನ್‌ನಲ್ಲಿ ನುಡಿಸಿದವನಿಗೆ ಒಂದು ಸಲದ ಕೂಲಿ, ಅಲ್ಲಿಗೆ ಮುಗಿಯಿತು. ಟೇಪ್ ಲೇಬಲ್‌ನ ಸ್ವತ್ತು. ಹಾಗಾಗಿ ಮೆಲ್ ಲಂಡನ್ ಚೆಸ್‌ಗೆ ಟೇಪ್ ಕೊಟ್ಟದ್ದು ಆ ಕಾಲದ ಪದ್ಧತಿಯಲ್ಲಿ ಕಳ್ಳತನ ಅಲ್ಲ. ನ್ಯಾಯ ಅಂತಲೂ ನಾನು ಹೇಳುತ್ತಿಲ್ಲ, ಹೊಡೆಯಬೇಡಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಹೀಗೇ ಹೂಕರ್ ಟೇಪ್ ಮೇಲೆ ಮಡ್ಡಿ ದನಿ ಕೂರಿಸಿದ ಹಾಡು ಇದೊಂದೇ ಅಲ್ಲ. 1962ರ ‘ಯೂ ನೀಡ್ ಲವ್’ ಕೂಡ ಹಾಗೆಯೇ. ಝೆಪೆಲಿನ್‌ನ ‘ಹೋಲ್ ಲಾಟಾ ಲವ್’ ಅದರಿಂದ ಎತ್ತಿದ್ದು ಅಂತ ಡಿಕ್ಸನ್ 1985ರಲ್ಲಿ ಕೇಸ್ ಹಾಕಿದ. ಕೋರ್ಟ್ ಹೊರಗೆ ರಾಜಿ ಆಯಿತು, ಡಿಕ್ಸನ್ ಹೆಸರೂ ಸೇರಿತು. ಕೇಸ್ ಹಾಕುವ ಹೊತ್ತಿಗೆ ಹೂಕರ್ ಸತ್ತು 15 ವರ್ಷ. ಬದುಕಿದ್ದರೂ ಅವನಿಗೆ ಕೇಸ್ ಹಾಕಲು ಜಾಗ ಇರಲಿಲ್ಲ. ಜಗಳ ಇದ್ದದ್ದು ಸಾಹಿತ್ಯದ ಬಗ್ಗೆ.

ಕರಾವಳಿ ಕೀಬೋರ್ಡ್

ಅದನ್ನೇ ಮೋಸ ಅನ್ನೋದು ಮಾರಾಯ್ರೆ. ಕಾಗದದಲ್ಲಿ ಬರೆದು ಮಾಡಿದರೆ ಪದ್ಧತಿ ಅಂತೀರಿ.

ಓಪಿಡಿ ಡಾಕ್ಟ್ರು

ಕಂಪನಿ, ಉಗ್ಗು, ಅಲೆದಾಟ ಎಲ್ಲ ಆಯಿತು. ಕ್ಷಯದ ವಿಷಯ ಯಾರೂ ಎತ್ತಲೇ ಇಲ್ಲ. ಹೂಕರ್ ಸತ್ತಿದ್ದು ಟಿ.ಬಿ.ಯಿಂದ, 1970ರ ಏಪ್ರಿಲ್ 21ರಂದು, ಷಿಕಾಗೋ ನಗರದ ಟಿ.ಬಿ. ಸ್ಯಾನಟೋರಿಯಂನಲ್ಲಿ. ವಯಸ್ಸು 40ರ ಆಸುಪಾಸು.

ಇಲ್ಲಿ ನನಗೆ ಹೊಟ್ಟೆ ಉರಿಯುವುದು ಇಷ್ಟಕ್ಕೆ. ಟಿ.ಬಿ. ಮದ್ದು ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಐಸೋನಿಯಾಝಿಡ್ 1952ರಲ್ಲಿ ಬಳಕೆಗೆ ಬಂತು. ಅಂದರೆ 60ರ ದಶಕದಲ್ಲಿ ಕ್ಷಯ ಸಾಯಲೇಬೇಕಾದ ಕಾಯಿಲೆ ಆಗಿರಲಿಲ್ಲ. ಆದ್ರೆ ಆಗಿನ ಕೋರ್ಸ್ ಒಂದೂವರೆ ಎರಡು ವರ್ಷ. ಬಿಡದೆ ಮಾತ್ರೆ ನುಂಗಬೇಕು. ರಿಫಾಂಪಿಸಿನ್ ಬಂದ ಮೇಲೆ ಅದು ಆರು ತಿಂಗಳಿಗೆ ಇಳಿಯಿತು. ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ತೂಕ ಏರುತ್ತದೆ, ರೋಗಿ “ಹುಷಾರಾದೆ” ಅಂತ ಹೊರಟುಬಿಡುತ್ತಾನೆ. ಒಳಗೆ ಉಳಿದ ರೋಗಾಣು ಮದ್ದಿಗೆ ಬಗ್ಗದ ಹಾಗೆ ಬಲಿಯುತ್ತದೆ. ನನ್ನ ಓಪಿಡಿಗೆ ಬರುವ ಲಾರಿ ಡ್ರೈವರ್‌ಗಳಲ್ಲಿ ಇದನ್ನೇ ನೋಡುತ್ತೇನೆ. ಟ್ರಿಪ್ ಸಿಕ್ಕಿತು ಅಂದರೆ ಮಾತ್ರೆ ಮನೆಯಲ್ಲಿ, ಮನುಷ್ಯ ಹೈವೇಯಲ್ಲಿ. ಬೈದರೆ “ಲೋನ್ ಯಾರು ಕಟ್ತಾರೆ ಡಾಕ್ಟ್ರೇ” ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹೂಕರ್‌ದೂ ಇದೇ ರಾಮಾಯಣ. ಚಿಕ್ಕ ವಯಸ್ಸಲ್ಲೇ ಅಂಟಿದ ರೋಗ, ಆಸ್ಪತ್ರೆಗೆ ಸೇರುವುದು, ಹೊರಗೆ ಬರುವುದು. 1967ರಲ್ಲಿ ಜೋರಾಗಿ ಬಿದ್ದ, ಸುಮಾರು ಒಂದು ವರ್ಷ ಆಸ್ಪತ್ರೆಯಲ್ಲಿದ್ದ. 1968ರಲ್ಲಿ ಹೊರಬಂದವನೇ ಡಾಕ್ಟರ್ ಬೇಡ ಅಂದರೂ ಕೇಳದೆ ಬ್ಯಾಂಡ್ ಕಟ್ಟಿಕೊಂಡು ಮತ್ತೆ ರಸ್ತೆಗಿಳಿದ. ಒಂದೂವರೆ ವರ್ಷ ಆಚೆಗೆ ಸತ್ತ.

ಮಲ್ನಾಡ್ ಮಳೆ

ಡಾಕ್ಟ್ರೇ, ಸರಿ. ಆದ್ರೆ ಅವನ ಒಳ್ಳೆಯ ಆಲ್ಬಂಗಳೆಲ್ಲ ಬಂದದ್ದು ಆ ಒಂದೂವರೆ ವರ್ಷದಲ್ಲೇ! ಆಸ್ಪತ್ರೆಯಲ್ಲೇ ಮಲಗಿದ್ದರೆ ನಮಗೆ ಉಳಿಯುತ್ತಿದ್ದದ್ದು ಚಿಲ್ಲರೆ ಸಿಂಗಲ್‌ಗಳು ಮಾತ್ರ.

1968ರ ಕೊನೆಯಲ್ಲಿ ಆರ್ಹೂಲಿ ಲೇಬಲ್‌ನ ಕ್ರಿಸ್ ಸ್ಟ್ರಾಕ್ವಿಟ್ಜ್ ಅವನನ್ನು ಸ್ಟುಡಿಯೋಗೆ ಕರೆದ. ಶಿಫಾರಸು ಮಾಡಿದ್ದು ಬಡ್ಡಿ ಗೈ. ಆ ‘ಟೂ ಬಗ್ಸ್ ಅಂಡ್ ಎ ರೋಚ್’ ಹಾಡಿನ ಶುರುವಲ್ಲಿ ಹೂಕರ್ ಮತ್ತು ಗಾಯಕ ಆಂಡ್ರೂ ಓಡಮ್ ಆಸ್ಪತ್ರೆ ವಾಸದ ಬಗ್ಗೆ ತಮಾಷೆ ಮಾಡಿಕೊಂಡು ಮಾತಾಡುತ್ತಾರೆ. ತನ್ನ ಕ್ಷಯವನ್ನೇ ಜೋಕ್ ಮಾಡಿಟ್ಟಿದ್ದಾನೆ ಪುಣ್ಯಾತ್ಮ. ಆ ಬ್ಯಾಂಡ್ ನೋಡಿ, ಪಿಯಾನೋಗೆ ಪೈನ್‌ಟಾಪ್ ಪರ್ಕಿನ್ಸ್, ಹಾರ್ಮೋನಿಕಾಗೆ ಕ್ಯಾರಿ ಬೆಲ್, ಸ್ಟೀಲ್ ಗಿಟಾರ್‌ಗೆ ಫ್ರೆಡ್ಡಿ ರೂಲೆಟ್. ಕಾಲಲ್ಲಿ ವಾ-ವಾ ಪೆಡಲ್ ಒತ್ತುತ್ತಾ ಗಿಟಾರ್‌ನಿಂದ ಮಾತಾಡಿಸುತ್ತಾನೆ ಹೂಕರ್, ನಿಜವಾಗಲೂ ಯಾರೋ ಗೊಣಗಿದ ಹಾಗೆ ಕೇಳಿಸುತ್ತದೆ.

1969ರಲ್ಲಿ ಒಂದರ ಹಿಂದೆ ಒಂದು ರೆಕಾರ್ಡಿಂಗ್. ಬ್ಲೂ ಥಂಬ್, ಬ್ಲೂಸ್‌ವೇ ಲೇಬಲ್‌ಗಳಿಗೆ, ಜಾನ್ ಲೀ ಜೊತೆಗೆ ಒಂದು. ವರ್ಷದ ಕೊನೆಗೆ ಮ್ಯಾಜಿಕ್ ಸ್ಯಾಮ್, ಕ್ಲಿಫ್ಟನ್ ಶೆನಿಯರ್ ಜೊತೆ ಯುರೋಪ್ ಪ್ರವಾಸ. ತನಗೆ ಟೈಮಿಲ್ಲ ಅಂತ ಅವನಿಗೇ ಗೊತ್ತಿತ್ತು ಅಂತ ನಾನು ನಂಬುತ್ತೇನೆ.

ಓಪಿಡಿ ಡಾಕ್ಟ್ರು

ಮದ್ದು ಮುಗಿಸಿದ್ದರೆ 1975ರಲ್ಲೂ, 1985ರಲ್ಲೂ ಆಲ್ಬಂ ಮಾಡುತ್ತಿದ್ದ. ಪೈನ್‌ಟಾಪ್ ಪರ್ಕಿನ್ಸ್ 97 ವರ್ಷ ಬದುಕಿದರು. ಲೆಕ್ಕ ಹಾಕಿ.

ಮಲ್ನಾಡ್ ಮಳೆ

ನುಡಿಸದೆ ಎರಡು ವರ್ಷ ಯಾರು ಸಾಕುತ್ತಿದ್ದರು ಅವನನ್ನು? ನಿಮ್ಮ ಲಾರಿ ಡ್ರೈವರ್ ಕೇಳಿದ ಪ್ರಶ್ನೆಯೇ ಇದು.

ಹಠಮಾರಿ

ದೇವರನ್ನಾಗಿ ಮಾಡುವ ಮುಂಚೆ ಇದನ್ನೂ ಸೇರಿಸಿಕೊಳ್ಳಿ. ಅವನ ಜೊತೆ ನುಡಿಸಿದವರ ಮಾತು ಓದಿದರೆ ಬ್ಯಾಂಡ್‌ನವರಿಗೆ ದುಡ್ಡು ಸರಿಯಾಗಿ ಕೊಡುತ್ತಿರಲಿಲ್ಲ ಅನ್ನುವ ದೂರು ಬೇಕಾದಷ್ಟಿದೆ. ಪರರ ಆಂಪ್ಲಿಫೈಯರ್ ಕಂಡರೆ ಕೈ ಸ್ವಲ್ಪ ಚುರುಕು ಅನ್ನುವ ಕತೆಗಳೂ ಇವೆ. ಕಂಪನಿ ಅವನಿಗೆ ಮಾಡಿದ್ದನ್ನು ಅವನು ಬ್ಯಾಂಡ್‌ಗೆ ಮಾಡಿದ.

ಕರಾವಳಿ ಕೀಬೋರ್ಡ್

ಇದ್ದರೂ ಇರಬಹುದು. ದುಡ್ಡು ಮೇಲಿಂದ ಬಂದರೆ ತಾನೇ ಕೆಳಗೆ ಕೊಡುವುದು. ನಾನು ಕಂಡ ಆರ್ಕೆಸ್ಟ್ರಾ ಯಜಮಾನರೆಲ್ಲ ಇಷ್ಟೇ. ನುಡಿಸುವಾಗ ದೇವರು, ಪೇಮೆಂಟ್ ಹೊತ್ತಿಗೆ ಫೋನ್ ಸ್ವಿಚ್ ಆಫ್.

ಷಿಕಾಗೋ ಚಳಿ

ಷಿಕಾಗೋದಲ್ಲೇ ಇರುವವಳು ನಾನು, ತಡವಾಗಿ ಬಂದೆ. ಹೂಕರ್ ಸಮಾಧಿ ಇರುವುದು ಊರಾಚೆ ಆಲ್ಸಿಪ್‌ನಲ್ಲಿ, ರೆಸ್ಟ್‌ವೇಲ್ ಸ್ಮಶಾನ. ಮಡ್ಡಿ ವಾಟರ್ಸ್, ಮ್ಯಾಜಿಕ್ ಸ್ಯಾಮ್, ಹೌಂಡ್ ಡಾಗ್ ಟೇಲರ್ ಎಲ್ಲ ಅಲ್ಲೇ. ನಮ್ಮ ಯಜಮಾನರಿಗೆ ಈ ಹುಚ್ಚು ಜಾಸ್ತಿ, ಅಮ್ಮ ಊರಿಂದ ಬಂದಾಗ ಅವರನ್ನೂ ಕರೆದುಕೊಂಡು ಹೋದರು. “ಅಮೆರಿಕ ತೋರಿಸ್ತೀನಿ ಅಂತ ಸ್ಮಶಾನಕ್ಕೆ ಕರ್ಕೊಂಡ್ ಬಂದ್ರಲ್ಲಪ್ಪ ಅಳಿಯಂದ್ರು” ಅಂತ ಅಮ್ಮ ಇವತ್ತಿಗೂ ಎಲ್ಲರ ಹತ್ತಿರ ಹೇಳುತ್ತಾರೆ.

ಹೂಕರ್ ಸಮಾಧಿಗೆ 2013ರವರೆಗೂ ಒಂದು ಕಲ್ಲೂ ಇರಲಿಲ್ಲ. ಬ್ಲೂಸ್ ಅಭಿಮಾನಿಗಳೇ ದುಡ್ಡು ಸೇರಿಸಿ ಹಾಕಿಸಿದರು. ಅದೇ ವರ್ಷ ಬ್ಲೂಸ್ ಹಾಲ್ ಆಫ್ ಫೇಮ್‌ಗೂ ಸೇರಿಸಿದರು. 43 ವರ್ಷ ಆದ ಮೇಲೆ ಜ್ಞಾನೋದಯ.

ತಂತಿಮರುಳ

ಮೇಡಂ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ 🙏

ಇಷ್ಟು ಕೇಳಿದ ಮೇಲೂ ನನ್ನ ವಾದ ಬಿಡುವುದಿಲ್ಲ. ಉಗ್ಗು ಇತ್ತು, ರೋಗ ಇತ್ತು, ಕಾಲಿಗೆ ಚಕ್ರ ಇತ್ತು, ಎಲ್ಲ ನಿಜ. ಆದ್ರೆ ‘ಯೂ ಶುಕ್ ಮಿ’ ರೆಕಾರ್ಡ್ ಲೇಬಲ್ ಮೇಲೆ ಮಡ್ಡಿ ಹೆಸರಿನ ಕೆಳಗೆ ‘ಗಿಟಾರ್: ಅರ್ಲ್ ಹೂಕರ್’ ಅಂತ ಒಂದು ಸಾಲು ಅಚ್ಚು ಹಾಕಿದ್ದರೆ ಚೆಸ್‌ಗೆ ಏನು ಖರ್ಚಾಗುತ್ತಿತ್ತು? ಇಂಗ್ಲೆಂಡಿನ ಹುಡುಗರು ಆ ರೆಕಾರ್ಡ್ ಲೇಬಲ್‌ಗಳನ್ನು ಶ್ಲೋಕದ ಹಾಗೆ ಬಾಯಿಪಾಠ ಮಾಡುತ್ತಿದ್ದ ಕಾಲ ಅದು. 1965ರಲ್ಲಿ ಅವನು ಇಂಗ್ಲೆಂಡಿಗೆ ಹೋಗಿ ಟೀವಿಯಲ್ಲೂ ನುಡಿಸಿದ. ನೋಡಿದವರಿಗೆ “ಓ, ಆ ಗಿಟಾರ್ ಇವನದ್ದೇ” ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ.

ಅರ್ಧಕಪ್ ಕಾಫಿ

ಇದನ್ನು ಒಪ್ಪುತ್ತೇನೆ. ಹಕ್ಕು ಬೇರೆ, ಹೆಸರು ಬೇರೆ. ಹೆಸರು ಹಾಕಲು ಯಾವ ಕಾನೂನೂ ಅಡ್ಡ ಬರುತ್ತಿರಲಿಲ್ಲ.

ಹಠಮಾರಿ

ನೈಟ್‌ಹಾಕ್ ಬಗ್ಗೆ ಯಾರೂ ಮಾತಾಡಲಿಲ್ಲ, ಗಮನಿಸಿದ್ದೇನೆ.

ಬೇಸ್ ಬಸಣ್ಣ

ನೀವೇ ಒಂದು ಹೊಸ ಚರ್ಚೆ ಶುರು ಮಾಡಿ ಗುರುಗಳೇ, ಬರ್ತೀವಿ.

ನನ್ನದೊಂದು ಸಣ್ಣ ಪ್ರಶ್ನೆ. ಇದೆಲ್ಲ ಓದಿ ಕೈ ತುರಿಸುತ್ತಿದೆ. ಸ್ಲೈಡ್‌ಗೆ ಆನ್‌ಲೈನ್‌ನಲ್ಲಿ ಸುಮ್ನೆ ಜಾಸ್ತಿ ದುಡ್ಡು ಕೇಳುತ್ತಾರೆ. ಗ್ಯಾರೇಜಿನ ಪಾನಾ ಸಾಕೆಟ್ ಹಾಕಿದರೆ ನಡೆಯುತ್ತಾ?

ತಂತಿಮರುಳ

ನಡೆಯುತ್ತದೆ, ಎಷ್ಟೋ ಜನ ಅದರಲ್ಲೇ ನುಡಿಸುತ್ತಾರೆ. ಒಳಗೆ ಗ್ರೀಸ್ ಇದ್ದರೆ ಸೀಮೆಎಣ್ಣೆಯಲ್ಲಿ ತೊಳೆದುಕೊಳ್ಳಿ. ಕಿರುಬೆರಳಿಗೆ ಬಿಗಿಯಾಗಿ ಕೂರಬೇಕು, ಸಡಿಲ ಇದ್ದರೆ ಗಡಗಡ ಅನ್ನುತ್ತದೆ. ತಂತಿ ಸ್ವಲ್ಪ ಎತ್ತರ ಮಾಡಿಸಿ, ಇಲ್ಲದಿದ್ದರೆ ಫ್ರೆಟ್‌ಗೆ ತಗುಲುತ್ತದೆ. ಕೊಳವೆ ಫ್ರೆಟ್‌ನ ಹಿಂದೆ ಅಲ್ಲ, ಸರಿಯಾಗಿ ಅದರ ಮೇಲೇ ನಿಲ್ಲಬೇಕು. ಕೊಳವೆಯ ಹಿಂದೆ ಒಂದು ಬೆರಳು ತಂತಿಗೆ ಹಗುರವಾಗಿ ತಾಗಿಸಿಟ್ಟುಕೊಳ್ಳಿ, ಬೇಡದ ಸದ್ದು ನಿಲ್ಲುತ್ತದೆ. ಒತ್ತಬೇಡಿ.

ಬೇಸ್ ಬಸಣ್ಣ

ಹನ್ನೆರಡು ಎಂಎಂ ಸಾಕೆಟ್ ಬೆರಳಿಗೆ ಹೋಗ್ತಾ ಇಲ್ಲ.

ಕರಾವಳಿ ಕೀಬೋರ್ಡ್

ಬಸಣ್ಣ, ಹದಿನೇಳು ಹತ್ತೊಂಬತ್ತರ ಹತ್ರ ನೋಡಿ ಮಾರಾಯ್ರೆ. ಹೋದದ್ದು ವಾಪಸ್ ಬರುತ್ತಾ ಅಂತ ಮೊದಲು ನೋಡಿಕೊಳ್ಳಿ.